ಕಾಫಿ ಯಂತ್ರಗಳೂ ಪೇಟೆಂಟ್ ಹಕ್ಕುಗಳೂ

ನಮ್ಮ ಸಂಘದ ಕಳೆದ ವಾರ್ಷಿಕ ಮಹಾಸಭೆಯ ದಿನ ಊಟದ ಹೊತ್ತಿಗೆ, ಸಭಾಭವನದ ಒಳಗಿದ್ದವರಿಗಿಂತ ಹಿಂದಿನ ಜಗಲಿಯಲ್ಲಿದ್ದವರ ಸಂಖ್ಯೆಯೇ ಹೆಚ್ಚಾಗಿತ್ತು. ಸದಸ್ಯರೊಬ್ಬರು ತಾವೇ ಮನೆಯಲ್ಲಿ ಕೂತು ತಯಾರಿಸಿದ, ಕಾಲಿನಿಂದ ತುಳಿದು ಅಡಿಕೆ ಸುಲಿಯುವ ಒಂದು ಯಂತ್ರವನ್ನು ಜೀಪಿನಲ್ಲಿ ಹೇರಿಕೊಂಡು ತಂದಿದ್ದರು. ಎರಡು ಅಲಗುಗಳ ನಡುವೆ ಒಂದು ಸ್ಪ್ರಿಂಗು. ಕಾಯಿ ಸಣ್ಣದಿದ್ದರೆ ಅಲಗು ಹತ್ತಿರವಾಗುತ್ತದೆ, ದೊಡ್ಡದಿದ್ದರೆ ತಾನಾಗಿಯೇ ದೂರ ಸರಿಯುತ್ತದೆ, ಅಡಿಕೆಗೆ ಗಾಯವಾಗುವುದಿಲ್ಲ. ಕೇಳಿದವರಿಗೆಲ್ಲ ಅವರು ಮುಚ್ಚಳ ತೆಗೆದು ತೋರಿಸಿದರು. ಹಲವರು ಮೊಬೈಲಿನಲ್ಲಿ ಚಿತ್ರ ಹಿಡಿದುಕೊಂಡರು. ಆಮೇಲೆ ಯಾರೋ ಒಬ್ಬರು, “ಇದಕ್ಕೊಂದು ಪೇಟೆಂಟ್ ಮಾಡಿಸಬಹುದಲ್ಲ?” ಎಂದರು. ಎಲ್ಲರೂ ನಮ್ಮ ಮುಖ ನೋಡಿದರು.

ಅಂದು ನಾವು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಆ ಬಳಿಕ ಈ ವಿಷಯವನ್ನು ಓದಿ, ತಿಳಿದವರನ್ನು ವಿಚಾರಿಸಿ, ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ. ಕಾನೂನಿನ ಭಾಷೆಯಲ್ಲೇ ಹೇಳಹೊರಟರೆ ಓದುಗರು ಪುಟ ಮಗುಚಿ ಮಾರುಕಟ್ಟೆ ಧಾರಣೆಗೆ ಹೋಗುವರೆಂಬ ಅಂಜಿಕೆ ನಮಗಿದೆ. ಆದುದರಿಂದ ನಮ್ಮ ಬೆಳೆಗೇ ಸಂಬಂಧಿಸಿದ ಕೆಲವು ಹಳೆಯ ಪ್ರಸಂಗಗಳನ್ನು ಹಿಡಿದುಕೊಂಡು ಮುಂದುವರಿಯುತ್ತೇವೆ. ಇಪ್ಪತ್ತನೆಯ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ಯುರೋಪಿನಲ್ಲಿ ಕಾಫಿ ಇಳಿಸುವ, ಸೋಸುವ, ಬಿಸಿಯಾಗಿಡುವ ಮೂರು ಸಾಧನಗಳು ಪೇಟೆಂಟ್ ಕಚೇರಿಗಳ ಮೆಟ್ಟಿಲು ಹತ್ತಿದವು. ಮೂರೂ ಇಂದಿಗೂ ಬಳಕೆಯಲ್ಲಿವೆ.

ಮೊದಲು, ಪೇಟೆಂಟ್ ಎಂದರೇನು? ಅದು ಪ್ರಶಸ್ತಿಯಲ್ಲ, ಯಂತ್ರ ಚೆನ್ನಾಗಿದೆ ಎಂಬ ಸರ್ಟಿಫಿಕೇಟೂ ಅಲ್ಲ. ಅದು ಸರ್ಕಾರಕ್ಕೂ ಕಂಡುಹಿಡಿದವನಿಗೂ ನಡುವೆ ನಡೆಯುವ ಒಂದು ವ್ಯವಹಾರ. ಕಂಡುಹಿಡಿದವನು ತನ್ನ ಗುಟ್ಟನ್ನು ಚಿತ್ರಸಹಿತ, ಇನ್ನೊಬ್ಬ ಕಸುಬುದಾರ ಓದಿ ಹಾಗೆಯೇ ಮಾಡಬಲ್ಲಷ್ಟು ವಿವರವಾಗಿ ಬರೆದುಕೊಡಬೇಕು. ಅದಕ್ಕೆ ಪ್ರತಿಯಾಗಿ, ಆ ವಸ್ತುವನ್ನು ಬೇರೆಯವರು ತಯಾರಿಸದಂತೆ, ಮಾರದಂತೆ ತಡೆಯುವ ಹಕ್ಕು ಇಷ್ಟು ವರ್ಷ ಎಂದು ಅವನಿಗೆ ದೊರೆಯುತ್ತದೆ. ಬರವಣಿಗೆಯ ಕೊನೆಗೆ ‘ಹಕ್ಕುಸಾಧನೆ’ಗಳೆಂಬ ಅಂಶಗಳಿರುತ್ತವೆ. ತೋಟದ ಕ್ರಯಪತ್ರದಲ್ಲಿ ಚಕ್ಕುಬಂದಿ ಇದ್ದ ಹಾಗೆ ಇವು. ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಹಳ್ಳ ಎಂದು ಬರೆದಿದ್ದರೆ ಅಷ್ಟೇ ನಮ್ಮದು. ಹಳ್ಳದಾಚೆಯದು ನಮ್ಮ ಮನಸ್ಸಿನಲ್ಲಿತ್ತು ಎಂದರೆ ಯಾವ ನ್ಯಾಯಾಲಯವೂ ಕೇಳದು. ಅವಧಿ ತೀರಿದ ಮೇಲೆ ಆ ಜಾಗ ಗೋಮಾಳವಾಗುತ್ತದೆ, ಯಾರ ದನವಾದರೂ ಮೇಯಬಹುದು.

ಇನ್ನು ಇಟಲಿಗೆ ಹೋಗೋಣ. ಟ್ಯೂರಿನ್ ನಗರದಲ್ಲಿ ಆಂಜೆಲೊ ಮೊರಿಯೊಂಡೊ ಎಂಬ ಹೋಟೆಲು ಮಾಲೀಕನಿದ್ದ. ಗಿರಾಕಿಗಳು ಕಾಫಿಗಾಗಿ ಬಹಳ ಹೊತ್ತು ಕಾಯಬೇಕಾಗುತ್ತಿದ್ದುದು ಆತನಿಗೆ ತಲೆನೋವಾಗಿತ್ತು. ಹಬೆಯ ಒತ್ತಡದಿಂದ ಬಿಸಿನೀರನ್ನು ಕಾಫಿಪುಡಿಯ ಮೂಲಕ ಹಾಯಿಸುವ ಒಂದು ದೊಡ್ಡ ಯಂತ್ರವನ್ನು ಆತ ಮಾಡಿಸಿ, 1884ರ ಮೇ ತಿಂಗಳಲ್ಲಿ ಪೇಟೆಂಟ್ ಪಡೆದ. ಅದೇ ವರ್ಷ ಟ್ಯೂರಿನ್ನಿನಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಅದನ್ನಿಟ್ಟು ಕಂಚಿನ ಪದಕವನ್ನೂ ಗಳಿಸಿದ. ಆದರೆ ಆತನಿಗೆ ಯಂತ್ರ ಮಾರುವ ಆಸೆ ಇರಲಿಲ್ಲ. ತನ್ನ ಹೋಟೆಲಿಗೆ ಜನ ಬಂದರೆ ಸಾಕೆಂದು ಕೆಲವನ್ನೇ ಮಾಡಿಸಿಟ್ಟುಕೊಂಡ. ಫಲವಾಗಿ ಕಾಫಿಯ ಚರಿತ್ರೆ ಬರೆದವರೇ ಬಹುಕಾಲ ಆತನನ್ನು ಮರೆತಿದ್ದರು.

ಮೊರಿಯೊಂಡೊನ ಯಂತ್ರದಲ್ಲಿ ಒಂದು ಕೊರತೆಯಿತ್ತು. ಅದು ಒಮ್ಮೆಗೇ ಹಂಡೆಗಟ್ಟಲೆ ಕಾಫಿ ಇಳಿಸುತ್ತಿತ್ತು. ಒಬ್ಬ ಗಿರಾಕಿಗೆ ಒಂದು ಲೋಟ ಎಂದು ಬೇರೆಯಾಗಿ ಇಳಿಸುತ್ತಿರಲಿಲ್ಲ. ಈ ಕೊರತೆಯನ್ನು ಹಿಡಿದವನು ಮಿಲಾನ್ ನಗರದ ಲುಯಿಜಿ ಬೆಜ್ಜೆರ. ಹಿಡಿಕೆಯುಳ್ಳ ಒಂದು ಸಣ್ಣ ಜಾಲರಿಯ ಬಟ್ಟಲಿನಲ್ಲಿ ಪುಡಿ ತುಂಬಿ, ಅದನ್ನು ಯಂತ್ರದ ಬಾಯಿಗೆ ತಿರುಚಿ ಕೂರಿಸುವುದು, ಬಾಯ್ಲರಿನ ಒತ್ತಡದಿಂದ ನೀರು ಅದರ ಮೂಲಕ ನೇರ ಲೋಟಕ್ಕೆ ಇಳಿಯುವುದು, ಕೂಡಲೇ ಬಟ್ಟಲು ಕಳಚಿ ಚರಟ ಚೆಲ್ಲಿ ಮುಂದಿನ ಲೋಟಕ್ಕೆ ಸಿದ್ಧವಾಗುವುದು, ಇದು ಆತನ ಯೋಚನೆ. ಇಂದು ಬೆಂಗಳೂರಿನ ಯಾವುದೇ ಕಾಫಿ ಅಂಗಡಿಯಲ್ಲಿ ಹುಡುಗರು ಹಿಡಿಕೆ ತಿರುಗಿಸುವುದನ್ನು ನೋಡಿದವರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ. 1901ರ ನವೆಂಬರಿನಲ್ಲಿ ಇಟಲಿಯಲ್ಲಿ ಅರ್ಜಿ ಹಾಕಿದ ಬೆಜ್ಜೆರನಿಗೆ 1903ರ ಏಪ್ರಿಲ್ 28ರಂದು ಅಮೆರಿಕದ ಪೇಟೆಂಟೂ ದೊರೆಯಿತು. ಅದರ ಸಂಖ್ಯೆ 7,26,793.

ಇಲ್ಲಿ ಸದಸ್ಯರು ಗಮನಿಸಬೇಕಾದ ಒಂದು ಅಂಶವಿದೆ. ಹಬೆಯ ಒತ್ತಡದಿಂದ ಕಾಫಿ ಇಳಿಸುವುದು 1901ರಲ್ಲಿ ಹೊಸದೇನೂ ಆಗಿರಲಿಲ್ಲ. ಮೊರಿಯೊಂಡೊ 17 ವರ್ಷ ಮೊದಲೇ ಅದನ್ನು ಪ್ರದರ್ಶನದಲ್ಲಿ ಲೋಕಕ್ಕೆಲ್ಲ ತೋರಿಸಿದ್ದ. ಆದರೂ ಬೆಜ್ಜೆರನಿಗೆ ಪೇಟೆಂಟ್ ದೊರೆತದ್ದು ಹೇಗೆಂದರೆ, ಆತ ಹಬೆಗೆ ಬೇಲಿ ಹಾಕಲು ಹೋಗಲಿಲ್ಲ. ಹೊಸದಾದ ಏರ್ಪಾಟಿಗಷ್ಟೇ ಚಕ್ಕುಬಂದಿ ಬರೆಸಿದ. ಹಳೆಯ ಯಂತ್ರವನ್ನು ಯಾರು ಕಂಡುಹಿಡಿದಿದ್ದರೂ ಸರಿ, ಅದರ ಮೇಲೆ ಮಾಡಿದ ನಿಜವಾದ ಸುಧಾರಣೆಗೆ ಬೇರೆಯೇ ಪೇಟೆಂಟ್ ಸಿಗುತ್ತದೆ. ನಮ್ಮ ಸದಸ್ಯರ ವಿಷಯಕ್ಕೆ ಇದು ಕೊನೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ಪೇಟೆಂಟ್ ಪಡೆದ ಬೆಜ್ಜೆರನಿಗೆ ಯಂತ್ರವನ್ನು ದೇಶದ ಉದ್ದಗಲಕ್ಕೆ ಮಾರುವಷ್ಟು ಬಂಡವಾಳವಿರಲಿಲ್ಲ. 1903ರಲ್ಲಿ ಡೆಸಿಡೆರಿಯೊ ಪವೋನಿ ಎಂಬಾತ ಆ ಪೇಟೆಂಟನ್ನು ಕೊಂಡು, 1905ರಲ್ಲಿ ಮಿಲಾನಿನ ಒಂದು ಚಿಕ್ಕ ಕಾರ್ಖಾನೆಯಲ್ಲಿ ದಿನಕ್ಕೊಂದು ಯಂತ್ರದಂತೆ ತಯಾರಿಸತೊಡಗಿದ. ಹೆಚ್ಚಾದ ಒತ್ತಡವನ್ನು ಹೊರಬಿಡುವ ಕವಾಟವೊಂದನ್ನು ಆತ ಸೇರಿಸಿದನೆನ್ನುತ್ತಾರೆ. ಅದಿಲ್ಲದಿದ್ದಾಗ ಬಟ್ಟಲು ಕಳಚುವವನ ಮುಖಕ್ಕೆ ಬಿಸಿ ಕಾಫಿ ಎರಚುತ್ತಿತ್ತಂತೆ. 1906ರಲ್ಲಿ ಮಿಲಾನಿನಲ್ಲಿ ನಡೆದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಈ ಯಂತ್ರದ ಕಾಫಿ ‘ಎಸ್ಪ್ರೆಸೊ’ ಎಂಬ ಹೆಸರಿನಲ್ಲಿ ಜನರ ಬಾಯಿಗೆ ಬಿತ್ತು. ಯೋಚನೆ ಒಬ್ಬನದು, ಪೇಟೆಂಟ್ ಇನ್ನೊಬ್ಬನದು, ವ್ಯಾಪಾರ ಮೂರನೆಯವನದು. ಇದನ್ನು ಅನ್ಯಾಯವೆಂದು ಕರೆಯಲು ನಮಗೆ ಮನಸ್ಸಿಲ್ಲ. ಬೆಜ್ಜೆರನ ಕೈಯಲ್ಲಿ ಆ ಕಾಗದವಿಲ್ಲದಿದ್ದರೆ ಪವೋನಿ ಆತನಿಗೆ ಬಿಡಿಗಾಸನ್ನೂ ಕೊಡಬೇಕಾಗಿರಲಿಲ್ಲ. ಯಂತ್ರ ನೋಡಿ ನಕಲು ಮಾಡಿಕೊಂಡಿದ್ದರೆ ಸಾಕಾಗಿತ್ತು.

ಆ ಕಾಫಿಯ ರುಚಿಯ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಬೆಳೆಗಾರರು ಬಿಡಲಾರರು. ಹಬೆಯ ಬಲವನ್ನೇ ನಂಬಿದ ಆ ಯಂತ್ರಗಳಲ್ಲಿ ಒತ್ತಡ ಒಂದೂವರೆ, ಎರಡು ಬಾರ್ ದಾಟುತ್ತಿರಲಿಲ್ಲ. ನೀರು ಅತಿಯಾಗಿ ಕಾದು ಪುಡಿ ಸುಟ್ಟ ಕಹಿ ಬರುತ್ತಿತ್ತು. ಮಿಲಾನಿನ ಅಕಿಲೆ ಗಾಜ್ಜ ಎಂಬಾತ 1938ರಲ್ಲಿ ಒಂದು ಪೇಟೆಂಟಿಗೆ ಅರ್ಜಿ ಹಾಕಿ, ಎರಡನೆಯ ಮಹಾಯುದ್ಧದ ನಂತರ ಸ್ಪ್ರಿಂಗು ಮತ್ತು ಸನ್ನೆಗೋಲಿನ ಪಿಸ್ಟನ್ ಜೋಡಿಸಿದ ಮೇಲೆ ಒತ್ತಡ ಎಂಟು ಹತ್ತು ಬಾರಿಗೆ ಏರಿತು. ಹಬೆ ಪುಡಿಗೆ ತಗಲುವುದು ತಪ್ಪಿತು, ಲೋಟದ ಮೇಲೆ ಹೊಂಬಣ್ಣದ ನೊರೆ ಕಟ್ಟಿತು. ಹಿಡಿಕೆಯ ಬಟ್ಟಲನ್ನು ಬಳಸಲು ಗಾಜ್ಜ ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. 1901ರ ಬೇಲಿ ಅಷ್ಟರಲ್ಲಿ ಬಿದ್ದುಹೋಗಿತ್ತು.

ಎರಡನೆಯ ಸಾಧನ ನಮ್ಮ ಮನೆಗಳ ಫಿಲ್ಟರಿಗೆ ದೂರದ ನೆಂಟ. ಜರ್ಮನಿಯ ಡ್ರೆಸ್ಡೆನ್ ನಗರದ ಮೆಲಿಟ್ಟ ಬೆಂಟ್ಸ್ ಎಂಬ ಗೃಹಿಣಿಗೆ ಲೋಟದ ತಳದಲ್ಲಿ ಚರಟ ಉಳಿಯುವುದೆಂದರೆ ಆಗುತ್ತಿರಲಿಲ್ಲ. ಬಟ್ಟೆಯಲ್ಲಿ ಸೋಸಿದರೆ ಬಟ್ಟೆ ತೊಳೆಯುವುದೇ ಒಂದು ಕೆಲಸ. ಆಕೆ ಹಿತ್ತಾಳೆಯ ಪಾತ್ರೆಯೊಂದರ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಗನ ಶಾಲೆಯ ಪುಸ್ತಕದ ಒತ್ತುಕಾಗದವನ್ನು ಕತ್ತರಿಸಿ ಒಳಗಿಟ್ಟು ಕಾಫಿ ಸೋಸಿದಳು. ಇಷ್ಟೇ. ಹಳ್ಳಿಯ ಯಾವ ಮನೆಯಲ್ಲಾದರೂ ನಡೆಯಬಹುದಾದ ಕೆಲಸ. ಆದರೆ ಅಷ್ಟಕ್ಕೇ ನಿಲ್ಲದೆ ಆಕೆ ಬರ್ಲಿನ್ನಿನ ಪೇಟೆಂಟ್ ಕಚೇರಿಗೆ ಬರೆದುಕೊಂಡಳು. 1908ರ ಜೂನ್ 20ರಂದು ಅದು ನೋಂದಣಿಯಾಯಿತು.

ಆಕೆಗೆ ದೊರೆತದ್ದು ಪೂರ್ಣ ಪೇಟೆಂಟ್ ಅಲ್ಲ. ಸಣ್ಣಪುಟ್ಟ ಉಪಕರಣಗಳಿಗಾಗಿ ಜರ್ಮನಿ 1891ರಲ್ಲೇ ಒಂದು ‘ಕಿರು ಪೇಟೆಂಟ್’ ಪದ್ಧತಿಯನ್ನು ತಂದಿತ್ತು. ದೀರ್ಘ ಪರೀಕ್ಷೆಯಿಲ್ಲ, ಖರ್ಚು ಕಡಿಮೆ; ರಕ್ಷಣೆಯೂ ಮೊದಲು 3 ವರ್ಷ, ಮುಂದುವರಿಸಿದರೆ ಒಟ್ಟು 6 ವರ್ಷ ಮಾತ್ರ. ಆ ಆರು ವರ್ಷಗಳನ್ನು ಬೆಂಟ್ಸ್ ಕುಟುಂಬ ವ್ಯರ್ಥ ಮಾಡಲಿಲ್ಲ. ಒಂದು ರೂಪಾಯಿಗೆ ನೂರು ಪೈಸೆ ಇರುವಂತೆ ಮಾರ್ಕಿಗೆ ನೂರು ಫೆನಿಗ್. ಒಂದು ಮಾರ್ಕೂ ತುಂಬದ, ಎಪ್ಪತ್ತು ಚಿಲ್ಲರೆ ಫೆನಿಗ್‌ಗಳ ಮೂಲಧನದಿಂದ ಅದೇ ವರ್ಷದ ಡಿಸೆಂಬರಿನಲ್ಲಿ ಸಂಸ್ಥೆ ಆರಂಭವಾಯಿತು. ಗಂಡ ಅಂಗಡಿಗಳಲ್ಲಿ ಕಾಫಿ ಸೋಸಿ ತೋರಿಸಿದ, ಮಕ್ಕಳು ಕೈಗಾಡಿಯಲ್ಲಿ ಪೆಟ್ಟಿಗೆ ಎಳೆದರು. 1909ರ ಲೈಪ್‌ಜಿಗ್ ಜಾತ್ರೆಯಲ್ಲಿ ಸಾವಿರದ ಇನ್ನೂರರಷ್ಟು ಫಿಲ್ಟರುಗಳು ಮಾರಾಟವಾದವು. ಮುಂದೆ ನಕಲು ಮಾಡುವವರು ಹೆಚ್ಚಿದಾಗ, 1925ರಲ್ಲಿ ಸಂಸ್ಥೆ ತನ್ನ ಕಾಗದದ ಪೊಟ್ಟಣಕ್ಕೆ ಕೆಂಪು ಹಸಿರು ಬಣ್ಣ ಕೊಟ್ಟು ಗುರುತು ಉಳಿಸಿಕೊಂಡಿತು. ತಳದಲ್ಲಿ ತೂತಿರುವ ಪಾತ್ರೆ ಎಲ್ಲರದೂ ಆಯಿತು, ಹೆಸರು ಮಾತ್ರ ಆಕೆಯದಾಗಿ ಉಳಿಯಿತು. ನಮ್ಮ ದೇಶದಲ್ಲಿ ಇಂಥ ಕಿರು ಪೇಟೆಂಟ್ ಪದ್ಧತಿ ಇಲ್ಲ. ತೋಟದ ಮನೆಗಳಲ್ಲಿ ಹುಟ್ಟುವ ಉಪಕರಣಗಳಿಗೆ ಅದೇ ಹೆಚ್ಚು ಹೊಂದುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ.

ಮೂರನೆಯದು, ಬೆಳಗಿನ ಜಾವ ತೋಟಕ್ಕೆ ಹೋಗುವಾಗ ನಾವು ಬಗಲಿಗೆ ಹಾಕಿಕೊಳ್ಳುವ ಫ್ಲಾಸ್ಕು. ಇದರ ಮೂಲ ಲಂಡನ್ನಿನ ವಿಜ್ಞಾನಿ ಜೇಮ್ಸ್ ಡ್ಯೂವರ್ 1892ರಲ್ಲಿ ಮಾಡಿದ ಗಾಜಿನ ಪಾತ್ರೆ. ಎರಡು ಗೋಡೆಗಳ ನಡುವಿನ ಗಾಳಿಯನ್ನು ತೆಗೆದು, ಒಳಮೈಗೆ ಬೆಳ್ಳಿಯ ಲೇಪ ಕೊಟ್ಟದ್ದು. ಆತನಿಗೆ ಬೇಕಾಗಿದ್ದುದು ಕಾಫಿ ಬಿಸಿಯಾಗಿರುವುದಲ್ಲ, ಅತಿಶೀತಲ ದ್ರವ ಅನಿಲಗಳು ಆರಿಹೋಗದೆ ಉಳಿಯುವುದು. ಡ್ಯೂವರ್ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಬರ್ಲಿನ್ನಿನ ಗಾಜಿನ ಕಸುಬುದಾರ ರೈನ್‌ಹೋಲ್ಡ್ ಬರ್ಗರ್, ಆ ಒಡೆದುಹೋಗುವ ಗಾಜಿಗೆ ಲೋಹದ ಕವಚ ತೊಡಿಸಿ, ಒಳಗೆ ಆಧಾರಗಳನ್ನು ಕೊಟ್ಟು, ಮನೆಬಳಕೆಗೆ ಯೋಗ್ಯವಾಗಿ ಮಾಡಿ 1903ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಮರುವರ್ಷ ‘ಥರ್ಮಾಸ್’ ಎಂಬ ಹೆಸರಿನ ಸಂಸ್ಥೆ ಹುಟ್ಟಿತು. 1907ರಲ್ಲಿ ಅಮೆರಿಕ, ಇಂಗ್ಲೆಂಡ್, ಕೆನಡಾಗಳ ಕಂಪೆನಿಗಳಿಗೆ ಹಕ್ಕು ಮಾರಾಟವಾಯಿತು. ತನ್ನ ಪಾತ್ರೆಯಿಂದ ಇತರರು ಹಣ ಮಾಡುವುದನ್ನು ಡ್ಯೂವರ್ ನೋಡಬೇಕಾಯಿತು. ಬುದ್ಧಿಯಲ್ಲಿ ಆತನೇ ಮೊದಲಿಗನಾಗಿದ್ದರೂ ಕಚೇರಿಯ ರಿಜಿಸ್ಟರಿನಲ್ಲಿ ಆತನ ಹೆಸರಿರಲಿಲ್ಲ.

ಹೆಸರಿಗೂ ಒಂದು ಕಥೆಯಿದೆ. ಜನ ಎಲ್ಲ ಫ್ಲಾಸ್ಕುಗಳನ್ನೂ ಥರ್ಮಾಸ್ ಎಂದೇ ಕರೆಯತೊಡಗಿದ್ದರಿಂದ, 1963ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅದು ಸಾಮಾನ್ಯ ಪದವಾಗಿಬಿಟ್ಟಿದೆ ಎಂದು ತೀರ್ಮಾನಿಸಿತು. ಅತಿಯಾದ ಜನಪ್ರಿಯತೆಯೂ ಆಸ್ತಿಯನ್ನು ಕರಗಿಸಬಲ್ಲದು.

ಕಾಫಿಯನ್ನು ಒಂದು ನಿಮಿಷ ಬದಿಗಿಟ್ಟು, ಮಳೆಗಾಲದಲ್ಲಿ ಜೀಪು ಓಡಿಸುವವರಿಗಾಗಿ ಇನ್ನೊಂದು ಪ್ರಸಂಗ. ಅಮೆರಿಕದ ಅಲಬಾಮ ಪ್ರಾಂತದ ಮೇರಿ ಆಂಡರ್ಸನ್ ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ, ಹಿಮದಿಂದ ಮುಂದಿನ ಗಾಜು ಮಸುಕಾಗಿ ಟ್ರಾಮಿನ ಚಾಲಕ ಪಡುತ್ತಿದ್ದ ಪಾಡನ್ನು ಕಂಡಳು. ಒಳಗಿನಿಂದಲೇ ಸನ್ನೆ ಎಳೆದು ಹೊರಗಿನ ರಬ್ಬರು ಪಟ್ಟಿಯಿಂದ ಗಾಜು ಒರೆಸುವ ಸಾಧನಕ್ಕೆ 1903ರ ನವೆಂಬರ್ 10ರಂದು ಆಕೆಗೆ ಪೇಟೆಂಟ್ ದೊರೆಯಿತು. 1905ರಲ್ಲಿ ಕೆನಡಾದ ಒಂದು ಸಂಸ್ಥೆಗೆ ಮಾರಲು ಹೋದರೆ, ಇದರಿಂದ ವ್ಯಾಪಾರದ ಲಾಭವಿಲ್ಲವೆಂದು ಅವರು ತಿರಸ್ಕರಿಸಿದರು. ಅಂದಿನ ಅಮೆರಿಕದ ಅವಧಿ ಮಂಜೂರಾದ ದಿನದಿಂದ 17 ವರ್ಷ. 1920ರಲ್ಲಿ ಅದು ಮುಗಿಯಿತು. ಮೋಟಾರು ಕಾರುಗಳು ಮನೆಮನೆಗೆ ಬಂದು ವೈಪರ್ ಎಲ್ಲರಿಗೂ ಬೇಕಾದದ್ದು ಆಮೇಲೆಯೇ. ಆಕೆಗೆ ಅದರಿಂದ ಹಣ ಬರಲಿಲ್ಲ. ಬೇಗ ನೆಟ್ಟ ಗಿಡ ಫಸಲಿಗೆ ಬರುವ ಹೊತ್ತಿಗೆ ಗೇಣಿಯ ವಾಯಿದೆ ತೀರಿತ್ತು.

ಈಗ ನಮ್ಮ ದೇಶದ ಮಾತು. ಪೇಟೆಂಟ್ ನಮಗೆ ಇತ್ತೀಚೆಗೆ ಬಂದುದೆಂಬ ತಿಳಿವಳಿಕೆ ಸರಿಯಲ್ಲ. 1856ರಲ್ಲಿಯೇ ಇಲ್ಲಿ ಮೊದಲ ಕಾಯಿದೆ ಬಂದು, ಕಲ್ಕತ್ತೆಯ ಡಿ ಪೆನ್ನಿಂಗ್ ಎಂಬಾತ ಪಂಖ ಎಳೆಯುವ ಯಂತ್ರಕ್ಕೆ ಮೊದಲ ಹಕ್ಕು ಪಡೆದಿದ್ದ. ನಂತರ 1911ರ ಕಾಯಿದೆ ಬಹುಕಾಲ ನಡೆಯಿತು. ಈಗ ಜಾರಿಯಲ್ಲಿರುವುದು 1970ರಲ್ಲಿ ಅಂಗೀಕಾರವಾಗಿ 1972ರ ಏಪ್ರಿಲಿನಲ್ಲಿ ಜಾರಿಗೆ ಬಂದ ಕಾಯಿದೆ, ತಿದ್ದುಪಡಿಗಳ ಸಮೇತ. ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ.

ನಮ್ಮ ಸದಸ್ಯರಿಗೆ ಸಂಬಂಧಿಸಿದ ಅಂಶಗಳನ್ನಷ್ಟೇ ಹೇಳುತ್ತೇವೆ. ಬೇಸಾಯದ ಕ್ರಮಗಳಿಗೆ ಪೇಟೆಂಟ್ ಇಲ್ಲ. ಗಿಡಗಳ ಅಂತರವನ್ನೋ ನೆರಳು ಮರ ಕಡಿಯುವ ರೀತಿಯನ್ನೋ ನೀವು ಹೊಸದಾಗಿ ಕಂಡುಕೊಂಡಿದ್ದರೆ ನೆರೆಯವರಿಗೆ ಹೇಳಿ ಪುಣ್ಯ ಕಟ್ಟಿಕೊಳ್ಳಬಹುದು. ಯಂತ್ರಗಳಿಗೆ ಉಂಟು. ಆದರೆ ಎರಡು ಗೊತ್ತಿರುವ ಯಂತ್ರಗಳನ್ನು ಒಂದೇ ಪೀಠದ ಮೇಲೆ ಬೋಲ್ಟು ಹಾಕಿ ನಿಲ್ಲಿಸಿ, ಅವು ತಮ್ಮ ತಮ್ಮ ಹಳೆಯ ಕೆಲಸವನ್ನೇ ಮಾಡುತ್ತಿದ್ದರೆ ಅದು ಹೊಸ ಶೋಧನೆಯಾಗದು.

ಎಲ್ಲಕ್ಕಿಂತ ಮುಖ್ಯವಾದುದು, ಅರ್ಜಿ ಹಾಕುವ ಮೊದಲು ವಸ್ತು ಸಾರ್ವಜನಿಕರಿಗೆ ತಿಳಿದಿರಬಾರದು. ತಾವೇ ತೋರಿಸಿದರೂ ಅದು ತಿಳಿದಂತೆಯೇ. ನಮ್ಮ ಜನರಿಗೆ ಒಪ್ಪಿಕೊಳ್ಳಲು ಕಷ್ಟವಾಗುವ ನಿಯಮ ಇದು. ನನ್ನದನ್ನು ನಾನೇ ತೋರಿಸಿದರೆ ತಪ್ಪೇನು ಎಂದು ಕೇಳುತ್ತಾರೆ. ಗುಟ್ಟನ್ನು ಬಿಟ್ಟುಕೊಡುವುದಕ್ಕೆ ಪ್ರತಿಫಲವಾಗಿ ಸರ್ಕಾರ ಹಕ್ಕು ಕೊಡುವುದು. ಗುಟ್ಟು ಈಗಾಗಲೇ ಊರಿಗೆಲ್ಲ ತಿಳಿದಿದ್ದರೆ ಸರ್ಕಾರ ಯಾವುದಕ್ಕೆ ಬೆಲೆ ಕೊಡಬೇಕು? ಎರಡು ವಿನಾಯಿತಿಗಳು ಮಾತ್ರ ಇಲ್ಲಿ ಉಲ್ಲೇಖಾರ್ಹ. ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಪ್ರಕಟಿಸಿದ ವಸ್ತುಪ್ರದರ್ಶನದಲ್ಲಿ ಇಟ್ಟಿದ್ದರೆ 12 ತಿಂಗಳೊಳಗೆ ಅರ್ಜಿ ಹಾಕಬಹುದು. ಬಹಿರಂಗವಾಗಿಯೇ ಪರೀಕ್ಷಿಸಬೇಕಾದ ಸ್ವಭಾವದ ಯಂತ್ರವಾಗಿದ್ದು, ಕೇವಲ ಪ್ರಯೋಗಕ್ಕಾಗಿ ನಡೆಸಿದ್ದರೆ ಅದಕ್ಕೂ ಒಂದು ವರ್ಷದ ಅವಕಾಶವಿದೆ. ಸಂಘದ ಮಹಾಸಭೆಯ ಜಗಲಿ ಮೊದಲನೆಯ ವರ್ಗಕ್ಕೆ ಖಂಡಿತ ಸೇರದು. ಎರಡನೆಯದಕ್ಕೆ ಸೇರುತ್ತದೆಂದು ವಾದಿಸಬೇಕಾದರೆ ಒಳ್ಳೆಯ ವಕೀಲರು ಬೇಕು.

ಯಂತ್ರ ಪೂರ್ತಿ ಪಳಗುವ ತನಕ ಕಾಯಬೇಕಾಗಿಯೂ ಇಲ್ಲ. ತಾತ್ಕಾಲಿಕ ವಿವರಣೆಯೊಂದನ್ನು ಮೊದಲು ಸಲ್ಲಿಸಿದರೆ ಆ ದಿನಾಂಕ ನಿಮ್ಮದಾಗುತ್ತದೆ; ಪೂರ್ಣ ವಿವರಣೆಯನ್ನು 12 ತಿಂಗಳೊಳಗೆ ಕೊಡಬೇಕು. ಪರೀಕ್ಷೆಗೆ ಬೇರೆಯಾಗಿ ಕೋರಿಕೆ ಸಲ್ಲಿಸಬೇಕೆಂಬುದನ್ನು ಮರೆತು ಕಳೆದುಕೊಂಡವರಿದ್ದಾರೆ. ಮಂಜೂರಾದ ಮೇಲೆ, ಮೂರನೆಯ ವರ್ಷದಿಂದ ಲೆಕ್ಕಹಾಕಿ ವರ್ಷವರ್ಷವೂ ನವೀಕರಣ ಶುಲ್ಕ ಕಟ್ಟಬೇಕು. ಕಟ್ಟದಿದ್ದರೆ ಬೇಲಿ ಬೀಳುತ್ತದೆ. ಮನೆಯ ಹತ್ತು ಜನರಿಗಷ್ಟೇ ಉಪಯೋಗವಾಗುವ ಸಾಧನಕ್ಕೆ ಇಷ್ಟು ಖರ್ಚು ಮಾಡುವುದು ಬೇಡವೆಂದೇ ನಮ್ಮ ಸಲಹೆ. ಮಾರಾಟದ ದಾರಿ ಕಾಣುತ್ತಿದ್ದರೆ ಮಾತ್ರ ಯೋಚಿಸಬಹುದು.

ಸಭೆಯ ಎರಡು ವಾರಗಳ ನಂತರ ನಾವು ಆ ಸದಸ್ಯರ ಮನೆಗೆ ಹೋಗಿದ್ದೆವು. ಪಕ್ಕದ ಪೇಟೆಯ ವರ್ಕ್‌ಶಾಪೊಂದರಲ್ಲಿ ಅಂಥದೇ ಸ್ಪ್ರಿಂಗು ಹಾಕಿದ ಯಂತ್ರ ಆಗಲೇ ನಿಂತಿರುವುದನ್ನು ಅವರು ಕಂಡುಬಂದಿದ್ದರು. ಮುಚ್ಚಳ ತೆಗೆದು ತೋರಿಸಿದ ಭಾಗದ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳುವಂತಿಲ್ಲ ಎಂದು ಹೇಳುವುದು ನಮಗೂ ಸಂಕಟವಾಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗಿನಿಂದ ಕಾಫಿ ತರಿಸಿ, ಆಮೇಲೆ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಗೋಣಿ ಹೊದಿಸಿದ ಎರಡನೆಯ ಮಾದರಿಯಿತ್ತು. ಸುಲಿದ ಸಿಪ್ಪೆ ಅಲಗಿಗೆ ಸಿಕ್ಕಿಕೊಳ್ಳದಂತೆ ತುಳಿತದ ಹಿಂದೇಟಿನಲ್ಲೇ ಅದನ್ನು ತಳ್ಳಿಹಾಕುವ ಒಂದು ಹೊಸ ಏರ್ಪಾಟು ಅದರಲ್ಲಿದೆ. ಅದನ್ನು ಮಹಾಸಭೆಗೆ ತಂದಿರಲಿಲ್ಲ, ಮನೆಯವರ ಹೊರತು ಯಾರೂ ನೋಡಿರಲಿಲ್ಲ. ನಮಗೂ ತೋರಿಸಬೇಡಿರೆಂದು ನಾವು ಗೋಣಿಯನ್ನು ಪೂರ್ತಿ ಎತ್ತಗೊಡಲಿಲ್ಲ. ಪೇಟೆಂಟ್ ಏಜೆಂಟರೊಬ್ಬರ ಮೂಲಕ ಆ ಏರ್ಪಾಟಿಗಷ್ಟೇ ತಾತ್ಕಾಲಿಕ ವಿವರಣೆ ಚೆನ್ನೈಗೆ ಹೋಗಿದೆ. ಹೋದ ಬಳಿಕವೇ, ಅವರ ಒಪ್ಪಿಗೆ ಪಡೆದು, ಈ ಲೇಖನವನ್ನು ಅಚ್ಚಿಗೆ ಕೊಟ್ಟಿದ್ದೇವೆ.